ವರ್ಗ, ಜಮೀನು, ಅವಕಾಶ: ಉತ್ತರ ಕನ್ನಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ ಕಡೆ ಪಿಯು ಮಕ್ಕಳಿಗೆ ಸಮಾಜಶಾಸ್ತ್ರ ಕಲಿಸುವುದು ನನ್ನ ಕೆಲಸ. ಕೆಳಗಿನ ಪ್ರಶ್ನೆಗಳಲ್ಲಿ ಕೆಲವು ಮಕ್ಕಳು ಕೇಳಿದವು, ಕೆಲವು ಅವರ ಅಪ್ಪ-ಅಮ್ಮ ಕೇಳಿದವು, ಇನ್ನು ಕೆಲವು ಸ್ಟಾಫ್ ರೂಮಿನಲ್ಲಿ ಜೋರು ಚರ್ಚೆಯಾದವು. ಉತ್ತರಗಳಲ್ಲಿ ಮಾಹಿತಿಯ ಜೊತೆ ನನ್ನ ಅಭಿಪ್ರಾಯವೂ ಇದೆ. ಈ ವಿಷಯದಲ್ಲಿ ಅಭಿಪ್ರಾಯ ಮುಚ್ಚಿಟ್ಟು ಬರೆಯುವುದು ನನಗೆ ಸಾಧ್ಯವಿಲ್ಲ.

ವರ್ಗ ಅಂದರೆ ಬಡವರು, ಶ್ರೀಮಂತರು ಅನ್ನೋದೇ ತಾನೆ?

ತಿಂಗಳ ಆದಾಯ ಅದರ ಒಂದು ಭಾಗ ಮಾತ್ರ. ಇಬ್ಬರು ಡ್ರೈವರುಗಳನ್ನು ನೆನಸಿಕೊಳ್ಳಿ. ಇಬ್ಬರಿಗೂ ಹದಿನೆಂಟು ಸಾವಿರ ಸಂಬಳ. ಒಬ್ಬನಿಗೆ ಸಿದ್ದಾಪುರದ ಕಡೆ ಅಪ್ಪನ ಹೆಸರಿನಲ್ಲಿ ಮೂವತ್ತು ಗುಂಟೆ ಅಡಿಕೆ ತೋಟ ಇದೆ, ಸೊಸೈಟಿಯಲ್ಲಿ ಖಾತೆ ಇದೆ, ಬೆಂಗಳೂರಿನಲ್ಲಿ ಅಕ್ಕ-ಭಾವ ಇದ್ದಾರೆ. ಇನ್ನೊಬ್ಬನ ಮನೆ ಅರಣ್ಯದ ಜಾಗದಲ್ಲಿದೆ, ಪಹಣಿ ಇಲ್ಲ, ಅಣ್ಣ-ತಮ್ಮಂದಿರೆಲ್ಲ ಕೂಲಿ. ಮಳೆಗಾಲದ ನಡುವೆ ಮನೆಯಲ್ಲಿ ಯಾರಿಗೋ ಆಪರೇಷನ್ ಆಗಬೇಕು ಅಂತಾದಾಗ ಮೊದಲನೆಯವನು ಸೊಸೈಟಿಗೆ ಹೋಗಿ ಸಾಲ ಕೇಳುತ್ತಾನೆ, ಭಾವನಿಗೆ ಫೋನ್ ಮಾಡುತ್ತಾನೆ. ಎರಡನೆಯವನು ಹೆಂಡತಿಯ ಕರಿಮಣಿ ಒತ್ತೆ ಇಟ್ಟು, ವಾರದ ಕಂತಿನ ಫೈನಾನ್ಸ್ ಸಾಲ ತೆಗೆದು, ಮಗನನ್ನು ಕಾಲೇಜು ಬಿಡಿಸಿ ಗೋವೆಗೆ ಕೆಲಸಕ್ಕೆ ಕಳಿಸುತ್ತಾನೆ. ಪೆಟ್ಟು ಬೀಳುವ ದಿನದವರೆಗೂ ಹೊರಗಿನವರ ಕಣ್ಣಿಗೆ ಇಬ್ಬರೂ ಒಂದೇ.

ಬಂಡವಾಳ, ಭೂಮಿ, ಯಂತ್ರ ಯಾರ ಕೈಯಲ್ಲಿದೆ ಎಂಬುದರಿಂದ ವರ್ಗ ತೀರ್ಮಾನವಾಗುತ್ತದೆ ಎಂದ ಕಾರ್ಲ್ ಮಾರ್ಕ್ಸ್. ಮ್ಯಾಕ್ಸ್ ವೆಬರ್ ಅದಕ್ಕೆ ಮಾನ-ಮರ್ಯಾದೆಯನ್ನೂ ರಾಜಕೀಯ ಬಲವನ್ನೂ ಸೇರಿಸಿದ. ಫ್ರಾನ್ಸಿನ ಪಿಯರ್ ಬೋರ್ದಿಯೂ ಇನ್ನಷ್ಟು ಮುಂದೆ ಹೋಗಿ, ಯಾರ ಪರಿಚಯ ಇದೆ, ಯಾವ ಮಾತು-ನಡೆ ಗೊತ್ತಿದೆ ಎಂಬುದೂ ಒಂದು ಬಂಡವಾಳವೇ ಎಂದು ತೋರಿಸಿದ. ನಮ್ಮ ಜಿಲ್ಲೆ ಅರ್ಥವಾಗಬೇಕಾದರೆ ಈ ಪಟ್ಟಿಗೆ ದಾಖಲೆಯನ್ನೂ ಸೇರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಹಣಿಯಲ್ಲಿ ಯಾರ ಹೆಸರಿದೆ, ಜಾತಿ ಪ್ರಮಾಣಪತ್ರ ಯಾವ ಪಟ್ಟಿಯದು, ಅಜ್ಜ ಯಾವ ಅರ್ಜಿ ಹಾಕಿದ್ದರು, ಯಾವುದನ್ನು ಹಾಕದೆ ಬಿಟ್ಟರು. ನಾವು ಹಣೆಬರಹ ಅನ್ನುವ ಎಷ್ಟೋ ಸಂಗತಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಬರೆದಿಟ್ಟದ್ದು.

ನಮ್ಮಲ್ಲಿ ಇರುವುದು ಜಾತಿ. ವರ್ಗದ ಮಾತು ಏಕೆ?

ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ. ಜಾತಿಯು ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲು-ಕೀಳು ಮಾಡಿ ಬೇರ್ಪಡಿಸುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ಬರೆದರು. ಶಿರಸಿ ಸೀಮೆಯ ಅಡಿಕೆ ತೋಟಕ್ಕೆ ಹೋದರೆ ಇದು ಕಣ್ಣಿಗೆ ಕಾಣುತ್ತದೆ. ತೋಟದ ಯಜಮಾನರು ಹೆಚ್ಚಾಗಿ ಹವ್ಯಕ ಬ್ರಾಹ್ಮಣರು. ಮಳೆಯಲ್ಲಿ ನೆಂದ ಮರ ಹತ್ತಿ ಕೊಳೆರೋಗಕ್ಕೆ ಔಷಧಿ ಹೊಡೆಯುವವನು, ಕೊನೆ (ಅಡಿಕೆ ಗೊನೆ) ಇಳಿಸುವ ಕೊನೆಗೌಡ, ರಾತ್ರಿ ದೀಪದ ಕೆಳಗೆ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುವ ಹೆಂಗಸರು ಬೇರೆ ಬೇರೆ ಸಮುದಾಯದವರು. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಯಾರದು, ದರ ಏರಿದಾಗ ಲಾಭ ಯಾರದು ಎಂಬುದು ಹುಟ್ಟಿನಿಂದಲೇ ಅರ್ಧ ತೀರ್ಮಾನವಾಗಿರುತ್ತದೆ.

ಹಾಗಂತ ಜಾತಿ ಹೇಳಿದರೆ ವರ್ಗವೂ ಹೇಳಿದಂತಾಯಿತು ಅನ್ನಲು ಬರುವುದಿಲ್ಲ. ತೋಟವಿಲ್ಲದೆ ಮದುವೆ ಮನೆಗಳ ಅಡುಗೆ ಕೆಲಸದಲ್ಲೇ ಬದುಕು ಸವೆಸಿದ ಹವ್ಯಕರಿದ್ದಾರೆ. ನಾಮಧಾರಿ ಸಮುದಾಯದಲ್ಲಿ ದೊಡ್ಡ ಗುತ್ತಿಗೆದಾರರೂ ಇದ್ದಾರೆ, ಅವರ ಬಳಿ ಜಲ್ಲಿ ಹೊರುವವರೂ ಇದ್ದಾರೆ. ಭಟ್ಕಳದಲ್ಲಿ ಕೊಲ್ಲಿ ದೇಶಗಳ ದುಡಿಮೆ ಎಷ್ಟೋ ಮನೆಗಳ ಸ್ಥಿತಿಯನ್ನು ಒಂದೇ ತಲೆಮಾರಿನಲ್ಲಿ ಬದಲಿಸಿತು, ಅದೇ ಓಣಿಯಲ್ಲಿ ಹೋಗಲಾಗದೆ ಉಳಿದವರೂ ಇದ್ದಾರೆ. ದುಡ್ಡು ಬಂದರೆ ವರ್ಗ ಬದಲಾಗಬಹುದು. ದುಡ್ಡು ಮಾಡಿದ ಮೇಲೂ ಜಗುಲಿಯ ಯಾವ ಕಡೆ ಕೂರಿಸುತ್ತಾರೆ ಎಂಬುದು ಅಷ್ಟು ಬೇಗ ಬದಲಾಗುವುದಿಲ್ಲ.

ಇಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಯಾವಾಗ ತೀರ್ಮಾನವಾಯಿತು?

ಒಂದು ದಿನದಲ್ಲಿ ಅಲ್ಲ. ಆದರೆ ಇತ್ತೀಚಿನ ಇತಿಹಾಸದಲ್ಲಿ ಒಂದು ದೊಡ್ಡ ತಿರುವು ಇದೆ, ಅದು ಭೂಮಿಯದು.

ಕರಾವಳಿಯಲ್ಲಿ ಗೇಣಿ ಪದ್ಧತಿ ಬಲವಾಗಿತ್ತು. ಮೂಲಗೇಣಿಯವನಿಗೆ ಜಮೀನಿನ ಮೇಲೆ ಕಾಯಂ ಹಕ್ಕು, ಚಾಲಗೇಣಿಯವನು ಒಡೆಯ ಬೇಡ ಅಂದ ದಿನ ಹೊರಗೆ. ಬೆಳೆದ ಭತ್ತದ ದೊಡ್ಡ ಪಾಲು ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಇದರ ವಿರುದ್ಧ ಅಂಕೋಲಾ ಸೀಮೆಯ ರೈತರನ್ನು ಸಂಘಟಿಸಿದವರು ದಿನಕರ ದೇಸಾಯಿ. ಚುಟುಕು ಕವಿ ಎಂದು ನಾಡು ನೆನೆಯುವ ಇದೇ ಮನುಷ್ಯನನ್ನು 1940ರಲ್ಲಿ ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಅವರು 1953ರಲ್ಲಿ ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟ್ ಹಳ್ಳಿ ಹಳ್ಳಿಯಲ್ಲಿ ಹೈಸ್ಕೂಲು ತೆರೆಯಿತು. ಭೂಮಿ ಮತ್ತು ಶಾಲೆ, ಎರಡರಲ್ಲಿ ಒಂದೇ ಸಿಕ್ಕರೆ ಸಾಲದು ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಕಂಡವರು ಈ ಜಿಲ್ಲೆಯಲ್ಲಿ ಕಡಿಮೆ.

ಆಮೇಲೆ ಬಂದದ್ದು ದೇವರಾಜ ಅರಸರ ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಲ್ಲಿ ತನ್ನ ಗೇಣಿಯನ್ನು ಸಾಬೀತು ಮಾಡಿದರೆ ಹಕ್ಕು ಅವನದು. ನಮ್ಮ ಕಡೆ ಹಿರಿಯರು ಇದನ್ನು ‘ಡಿಕ್ಲರೇಶನ್ ಹಾಕಿದ್ದು’ ಅನ್ನುತ್ತಾರೆ. ಅರ್ಜಿಗೆ ಕೊನೆಯ ದಿನ 1979ರ ಜೂನ್ 30.

ಈ ತಾರೀಖಿನ ಎರಡು ಬದಿಯಲ್ಲಿ ಎರಡು ಬಗೆಯ ಮನೆಗಳು ನಿಂತಿವೆ. ಡಿಕ್ಲರೇಶನ್ ಹಾಕಿ ಗೆದ್ದ ಮನೆಯಲ್ಲಿ ಒಂದೆರಡು ಎಕರೆ ಗದ್ದೆ ಉಳಿಯಿತು. ಅದರ ಆಧಾರದಲ್ಲಿ ಸೊಸೈಟಿ ಸಾಲ ಹುಟ್ಟಿತು, ಒಬ್ಬ ಮಗ ಟಿಸಿಎಚ್ (ಶಿಕ್ಷಕರ ತರಬೇತಿ) ಮಾಡಿ ಮೇಷ್ಟ್ರಾದ, ಮೇಷ್ಟ್ರ ಮಗಳು ಇಂಜಿನಿಯರಾದಳು. ಇನ್ನೊಂದು ಮನೆಯ ಅಜ್ಜ ‘ಒಡೆಯರ ಅನ್ನ ಉಂಡು ಅವರ ಮೇಲೇ ಕೋರ್ಟಿಗೆ ಹೋಗೋದಾ’ ಅಂದುಕೊಂಡು ಸುಮ್ಮನಾದ. ಇನ್ನು ಕೆಲವರಿಗೆ ಅರ್ಜಿ ಬರೆದುಕೊಡುವವರೇ ಸಿಗಲಿಲ್ಲ. ಈ ಎರಡೂ ಬಗೆಯ ಮನೆಗಳ ಮೊಮ್ಮಕ್ಕಳು ಇಂದು ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಕಲಿಯುವ ಚುರುಕಿನಲ್ಲಿ ಅವರಿಗೂ ಇವರಿಗೂ ಏನೂ ವ್ಯತ್ಯಾಸವಿಲ್ಲ.

ಹಾಂ, ಭೂಮಿ ಕಳೆದುಕೊಂಡ ಸಣ್ಣ ಒಡೆಯರ ಸಂಕಟವೂ ಸುಳ್ಳಲ್ಲ. ವಿಧವೆಯರು, ದೂರದ ಊರಲ್ಲಿ ಸಣ್ಣ ನೌಕರಿಯಲ್ಲಿದ್ದವರು ಗೇಣಿ ಅಕ್ಕಿಯನ್ನೇ ನಂಬಿದ್ದರು. ಆದರೆ ಅಂಥವರಲ್ಲಿ ಅನೇಕರ ಮನೆಯಲ್ಲಿ ಓದು ಆಗಲೇ ಇತ್ತು, ಊರು ಬಿಟ್ಟು ಎದ್ದು ನಿಲ್ಲಲು ಅದು ಸಾಕಾಯಿತು.

ಜಮೀನು ಇಲ್ಲದವರು ಕಾಡು ಅತಿಕ್ರಮಣ ಮಾಡಿದ್ದಾರೆ. ಅದು ತಪ್ಪಲ್ಲವೆ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಪಹಣಿ ಇರುವವರು. ಸ್ವಲ್ಪ ನಿಧಾನವಾಗಿ ನೋಡೋಣ.

ಉತ್ತರ ಕನ್ನಡದ ವಿಸ್ತೀರ್ಣ ಸುಮಾರು 10,290 ಚದರ ಕಿ.ಮೀ. ಅದರ ಬಹುಪಾಲು ದಾಖಲೆಯಲ್ಲಿ ಅರಣ್ಯ. ಉಳಿದ ನೆಲದಲ್ಲೇ ಊರು, ಗದ್ದೆ, ತೋಟ, ಹೆದ್ದಾರಿ, ರೈಲು, ಬಂದರು, ಅಣೆಕಟ್ಟಿನ ಹಿನ್ನೀರು ಎಲ್ಲವೂ ಹಿಡಿಯಬೇಕು. ಜಮೀನಿಲ್ಲದ ಕುಟುಂಬ ಬೆಳೆದಾಗ ಪಕ್ಕದ ಬೇಣಕ್ಕೋ (ಹುಲ್ಲುಗಾವಲು) ಗುಡ್ಡಕ್ಕೋ ಹೋಗಿ ಗುಡಿಸಲು ಕಟ್ಟಿತು. ಬೇರೆ ನೆಲ ಇರಲಿಲ್ಲ.

ಇದರ ಪಕ್ಕದಲ್ಲಿ ಸೊಪ್ಪಿನ ಬೆಟ್ಟವನ್ನು ಇಟ್ಟು ನೋಡಿ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದಿದೆ. ಸೊಪ್ಪು, ದರಕು (ಒಣ ಎಲೆ), ಸೌದೆ ತರಬಹುದು. ಆ ಬೆಟ್ಟಗಳನ್ನು ಜತನದಿಂದ ಕಾಯ್ದುಕೊಂಡ ತೋಟಿಗರು ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ತೋಟ ಇದ್ದವನು ಕಾಡು ಬಳಸಿದರೆ ಅದು ದಾಖಲಾದ ಸೌಲಭ್ಯ, ತೋಟ ಇಲ್ಲದವನು ಬಳಸಿದರೆ ಅತಿಕ್ರಮಣ. ಕಾನೂನು ಇಬ್ಬರನ್ನೂ ನೋಡಿದ ಕಣ್ಣು ಒಂದೇ ಆಗಿರಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನು ಸರಿಪಡಿಸಬೇಕಿತ್ತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಜಾಗದಲ್ಲಿ ಇದ್ದರೆ ಸಾಕು. ಉಳಿದ ಸಮುದಾಯದವರು ಅದಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ವಾಸವಿದ್ದುದನ್ನು ತೋರಿಸಬೇಕು. 1930ರಲ್ಲಿ ಗುಡಿಸಲಲ್ಲಿದ್ದ ಕೂಲಿಯವನ ಹೆಸರು ಯಾವ ಕಾಗದದಲ್ಲಿ ಇದ್ದೀತು? ನಮ್ಮ ಜಿಲ್ಲೆಯ ಅರ್ಜಿಗಳಲ್ಲಿ ಬಹುಪಾಲು ತಿರಸ್ಕಾರವಾದದ್ದರ ಹಿಂದೆ ಈ ಷರತ್ತಿನ ನೆರಳಿದೆ. ಹಿರಿಯರ ಹೇಳಿಕೆಯನ್ನು ಬರೆಸಿಕೊಂಡು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ನಿಯಮದಲ್ಲೇ ಇದೆ. ಅದು ಅರ್ಜಿದಾರರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ.

ಹಾಲಕ್ಕಿ ಒಕ್ಕಲಿಗ ಸಮುದಾಯಕ್ಕೆ ಪದ್ಮಶ್ರೀ ಬಂತಲ್ಲ, ಇನ್ನೇನು ಬೇಕು?

ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಬಂತು. ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಪ್ರಶಸ್ತಿ ಪಡೆದದ್ದನ್ನು ದೇಶವೇ ನೋಡಿತು. ಇಬ್ಬರೂ ಅಂಕೋಲಾ ತಾಲ್ಲೂಕಿನವರು, ಇಬ್ಬರೂ ಈಗ ಇಲ್ಲ. ಶಾಲೆಯ ಮೆಟ್ಟಿಲು ಹತ್ತದ ತುಳಸಜ್ಜಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿ ಮಾಡಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂದು ಅಷ್ಟು ಬಲ್ಲವರು ಪದವಿ ಪಡೆದ ಮನೆಯಲ್ಲಿ ಹುಟ್ಟಿದ್ದರೆ ದಿನಗೂಲಿಯ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ.

ಹಾಲಕ್ಕಿ ಒಕ್ಕಲಿಗರು ಇವತ್ತಿಗೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ, ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ-1ರಲ್ಲಿ ಇದ್ದಾರೆ. ಪಂಗಡದ ಪಟ್ಟಿಗೆ ಸೇರಿಸಿ ಎಂಬುದು ಅವರ ಬೇಡಿಕೆ, ಜೋಯಿಡಾದ ಕುಣಬಿ ಸಮುದಾಯದ್ದೂ ಅದೇ. ಇದರ ಅರ್ಥ ಏನು ಅಂತ ತಿಳಿಯಬೇಕಾದರೆ ಮೇಲಿನ 75 ವರ್ಷದ ಷರತ್ತಿಗೆ ವಾಪಸ್ ಹೋಗಿ. ಸಿದ್ದಿಗಳು 2003ರಲ್ಲಿ ನಮ್ಮ ಜಿಲ್ಲೆಯಲ್ಲಿ ಪಟ್ಟಿಗೆ ಸೇರಿದರು. ಆ ಸಮುದಾಯದಿಂದ ಮೊದಲ ಬಾರಿಗೆ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ. ಒಂದು ಪಟ್ಟಿಯೊಳಗೆ ಹೆಸರು ಬಂದ ಮೇಲೆ ಹಾಸ್ಟೆಲು, ವಿದ್ಯಾರ್ಥಿವೇತನ, ಅರಣ್ಯ ಹಕ್ಕು ಎಲ್ಲದರ ಬಾಗಿಲು ಬೇರೆ ಥರ ತೆರೆಯುತ್ತದೆ.

ಸರ್ಕಾರಿ ಶಾಲೆ ಎಲ್ಲರಿಗೂ ಇದೆ. ಓದುವ ಮಕ್ಕಳು ಎಲ್ಲಿದ್ದರೂ ಓದುತ್ತಾರೆ, ಅಲ್ಲವೆ?

ಹತ್ತನೇ ತರಗತಿಯವರೆಗೆ ಈ ಮಾತು ಮುಕ್ಕಾಲು ನಿಜ. ಎಸ್ಎಸ್ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಮೇಲಿನ ಸಾಲಿನಲ್ಲೇ ಇರುತ್ತದೆ, ಅದರಲ್ಲಿ ಸರ್ಕಾರಿ ಮತ್ತು ಅನುದಾನಿತ ಕನ್ನಡ ಶಾಲೆಗಳ ಪಾಲು ದೊಡ್ಡದು. ದಾರಿ ಕವಲೊಡೆಯುವುದು ಅದರ ನಂತರ.

ವೈದ್ಯಕೀಯಕ್ಕೆ ನೀಟ್ ಬಂದ ಮೇಲೆ ಪಿಯು ಅಂಕವೊಂದರಿಂದ ಸೀಟು ಸಿಗುವುದಿಲ್ಲ. ಕೋಚಿಂಗ್ ಬೇಕು. ಅದು ಇರುವುದು ಮೂಡುಬಿದಿರೆ, ಮಂಗಳೂರು, ಧಾರವಾಡ, ಹುಬ್ಬಳ್ಳಿಯಲ್ಲಿ. ಶುಲ್ಕ, ಹಾಸ್ಟೆಲ್ ಸೇರಿ ಲಕ್ಷದ ಲೆಕ್ಕ. ಅಷ್ಟೇ ಅಂಕ ತೆಗೆದ ಎರಡು ಮಕ್ಕಳಲ್ಲಿ ಒಂದು ಮೂಡುಬಿದಿರೆಗೆ ಹೋಗುತ್ತದೆ, ಇನ್ನೊಂದು ಬೆಳಗ್ಗೆ ಆರೂವರೆಯ ಬಸ್ಸು ಹತ್ತಿ ತಾಲ್ಲೂಕಿನ ಕಾಲೇಜಿಗೆ ಬರುತ್ತದೆ. ಆ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಆಗಸ್ಟ್ ಆಗಿರುತ್ತದೆ.

ಹಣದಷ್ಟೇ ಕಾಡುವ ಇನ್ನೊಂದು ಸಂಗತಿ ಇದೆ. ಓದಿದ ಮನೆಯಲ್ಲಿ ಯಾವ ಪರೀಕ್ಷೆಗೆ ಯಾವಾಗ ಅರ್ಜಿ, ಯಾವ ಕೋರ್ಸು ಮುಂದೆ ಎಲ್ಲಿಗೆ ಒಯ್ಯುತ್ತದೆ ಎಂಬುದು ಊಟದ ಹೊತ್ತಿನ ಮಾತು. ಓದದ ಮನೆಯಲ್ಲಿ ಅದನ್ನು ಹೇಳುವವರಿಲ್ಲ. ಕಳೆದ ವರ್ಷ ಒಬ್ಬ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ ತುಂಬಲು ನಾನು ಜೊತೆಗೆ ಕೂತಿದ್ದೆ. ಆಧಾರ್ ಕಾರ್ಡಿನಲ್ಲಿ ಅವಳ ಅಪ್ಪ ಬೊಮ್ಮು ಗೌಡ, ರೇಷನ್ ಕಾರ್ಡಿನಲ್ಲಿ ಬೊಮ್ಮಯ್ಯ ಗೌಡ, ಮಾರ್ಕ್ಸ್ ಕಾರ್ಡಿನಲ್ಲಿ ಬಿ. ಗೌಡ. ತಂತ್ರಾಂಶ ಮುಂದಕ್ಕೇ ಹೋಗುವುದಿಲ್ಲ. ಹೆಸರು ತಿದ್ದಿಸಲು ಅಪ್ಪ ಒಂದು ದಿನದ ಕೂಲಿ ಬಿಟ್ಟು ಬರಬೇಕು, ಬಂದ ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಬರಬೇಕು. ಅವಳು ನನಗೆ ಸಮಾಧಾನ ಹೇಳುವ ಹಾಗೆ ‘ಇರ್ಲಿ ಬಿಡಿ ಮೇಡಂ, ಬೇಡ’ ಅಂದಳು. ಹದಿನಾರು ವರ್ಷದ ಮಗು ಹೀಗೆ ಹಕ್ಕು ಬಿಟ್ಟುಕೊಡುವುದನ್ನು ನೋಡುವುದು ಕಷ್ಟ. ಇಂಥ ಮಕ್ಕಳ ಬಗ್ಗೆ ಮುಂದೆ ಯಾರೋ ‘ಅವರಿಗೆ ಆಸಕ್ತಿ ಇರಲಿಲ್ಲ’ ಅನ್ನುತ್ತಾರೆ.

ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ 25% ಸೀಟು ಇತ್ತಲ್ಲ?

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದೆ. ಆದರೆ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗದಂತೆ 2019ರಿಂದ ರಾಜ್ಯದ ನಿಯಮ ಬದಲಾಯಿತು. ನಮ್ಮ ಕಡೆ ಊರೂರಿಗೂ ಸರ್ಕಾರಿ ಶಾಲೆ ಇರುವುದರಿಂದ ಈ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಬದಲಾವಣೆ ಪೂರ್ತಿ ತಪ್ಪು ಎಂದು ನಾನು ಹೇಳಲಾರೆ. ಸರ್ಕಾರದ ದುಡ್ಡು ಸರ್ಕಾರಿ ಶಾಲೆಗೇ ಹೋಗಲಿ, ಆದರೆ ಅಲ್ಲಿ ಎಲ್ಲ ತರಗತಿಗೂ ಶಿಕ್ಷಕರು ಇರಲಿ.

ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು, ಅಲ್ಲವೆ?

ಬರಬಹುದು. ಎಷ್ಟು ಜನ, ಎಷ್ಟು ತಲೆಮಾರಿನಲ್ಲಿ ಎಂಬುದು ಪ್ರಶ್ನೆ. ಕೆಳಗಿನ ಆದಾಯದ ಒಂದು ಕುಟುಂಬ ದೇಶದ ಸರಾಸರಿ ಆದಾಯ ಮುಟ್ಟಲು ಎಷ್ಟು ಕಾಲ ಬೇಕು ಎಂದು ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) 2018ರಲ್ಲಿ ಅಂದಾಜು ಮಾಡಿತು. ಡೆನ್ಮಾರ್ಕಿನಲ್ಲಿ ಎರಡು ತಲೆಮಾರು, ಭಾರತದಲ್ಲಿ ಏಳು.

ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಗಿನ ಜಾವ ಮೀನು ಇಳಿಸುವವರು, ತಲೆ ಮೇಲೆ ಬುಟ್ಟಿ ಹೊತ್ತು ಬಂಗಡೆ ಮಾರುವ ಅಕ್ಕಂದಿರು, ಸೊಂಟದವರೆಗೆ ಕೆಸರಿನಲ್ಲಿ ಇಳಿದು ಗಜನಿಯಲ್ಲಿ (ಉಪ್ಪುನೀರಿನ ಗದ್ದೆ) ಕಗ್ಗ ಭತ್ತ ಕೊಯ್ಯುವವರು ಕಷ್ಟಪಡುತ್ತಿಲ್ಲ ಎಂದು ಯಾರು ಹೇಳುತ್ತಾರೆ? ಮೇಲೆ ಬಂದ ಒಬ್ಬರ ಕಥೆ ಪತ್ರಿಕೆಯಲ್ಲಿ ಬರುತ್ತದೆ, ಬರಲಿ, ಮಕ್ಕಳಿಗೆ ಧೈರ್ಯ ಬೇಕು. ಅದೇ ಕಥೆಯನ್ನು ಬರಲಾಗದವರ ಮುಖಕ್ಕೆ ಹಿಡಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೀನುಗಾರರೆಲ್ಲ ಒಂದೇ ಸಮಾಜ. ಅವರಲ್ಲಿ ವರ್ಗ ಎಲ್ಲಿದೆ?

ಬೋಟ್ ಯಾರದು ಎಂದು ಕೇಳಿದರೆ ಕಾಣುತ್ತದೆ. ಹಿಂದೆ ರಂಪಣಿ ಬಲೆ ಇತ್ತು. ದಡದಿಂದ ಹತ್ತಾರು ಜನ ಸೇರಿ ಎಳೆಯಬೇಕು, ಮೀನು ಪಾಲಾಗಿ ಹಂಚಿಕೆಯಾಗಬೇಕು. ಬಲೆ ಇದ್ದವರಿಗೆ ದೊಡ್ಡ ಪಾಲು ನಿಜ, ಆದರೂ ಕೇರಿಯ ಕಟ್ಟಕಡೆಯ ಮನೆಗೂ ಒಂದಿಷ್ಟು ಬಂಗಡೆ, ತಾರ್ಲೆ ಹೋಗುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಮೀನನ್ನು ಸಮುದ್ರದಲ್ಲೇ ಸುತ್ತುಗಟ್ಟಿ ಹಿಡಿದ ಮೇಲೆ ದಡಕ್ಕೆ ಏನು ಉಳಿದೀತು. ಬ್ಯಾಂಕ್ ಸಾಲ ಪಡೆಯಬಲ್ಲವರು ಮಾಲೀಕರಾದರು, ಉಳಿದವರು ಅದೇ ಬೋಟಿನಲ್ಲಿ ಕೂಲಿಯಾದರು. ಈಗ ಆ ಕೂಲಿಗೂ ಒಡಿಶಾ, ಝಾರ್ಖಂಡಿನ ಹುಡುಗರು ಬರುತ್ತಾರೆ.

ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನ ಬಂದಾಗ ಮಾಲೀಕ ಬೋಟ್ ರಿಪೇರಿ ಮಾಡಿಸುತ್ತಾನೆ, ಕೂಲಿಯವನು ಸಾಲ ಮಾಡುತ್ತಾನೆ. ಕಾರವಾರದಲ್ಲಿ 2020ರಲ್ಲಿ ಬಂದರು ವಿಸ್ತರಣೆಯ ವಿರುದ್ಧ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಹೆಂಗಸರು ಬೀದಿಗಿಳಿದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೀನು ಒಣಗಿಸುವ ಮರಳಿಗೆ ಪಹಣಿ ಇಲ್ಲ. ನಕ್ಷೆಯಲ್ಲಿ ಅದು ಖಾಲಿ ಜಾಗ, ಅವರಿಗೆ ಅದು ವರ್ಷದ ಅನ್ನ.

ಸೀಬರ್ಡ್ ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರ ಬಂದ ಮೇಲೆ ನಮ್ಮವರಿಗೆ ಕೆಲಸ ಸಿಕ್ಕಿತಲ್ಲವೆ?

ಕೆಲವರಿಗೆ ಸಿಕ್ಕಿತು, ಅದನ್ನು ಅಲ್ಲಗಳೆಯುವುದಿಲ್ಲ. ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ಕಾರವಾರ, ಅಂಕೋಲಾ ತಾಲ್ಲೂಕಿನ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಅರ್ಗಾ, ಬಿಣಗಾ ಕಡೆಯವರಿಗೆ ಸಮುದ್ರದ ದಾರಿಯೇ ಮುಚ್ಚಿತು. ಪರಿಹಾರದ ಜಗಳ ದಶಕಗಟ್ಟಲೆ ನಡೆಯಿತು. ಆಗಿನ ಭೂಸ್ವಾಧೀನ ಕಾಯ್ದೆಯ 28ಎ ಕಲಂ ಪ್ರಕಾರ, ಪಕ್ಕದವನಿಗೆ ಕೋರ್ಟು ಹೆಚ್ಚಿನ ದರ ಕೊಟ್ಟರೆ ಅದೇ ಅಧಿಸೂಚನೆಯ ಉಳಿದವರೂ ಮೂರು ತಿಂಗಳೊಳಗೆ ಅದನ್ನೇ ಕೇಳಬಹುದಿತ್ತು. ವಕೀಲರ ಪರಿಚಯ ಇದ್ದವರಿಗೆ ಈ ಮೂರು ತಿಂಗಳು ಸಾಕು. ಕೂಲಿಗೆ ಹೋಗುವವರ ಕಿವಿಗೆ ಸುದ್ದಿ ಮುಟ್ಟುವುದೇ ಮೂರು ತಿಂಗಳ ಮೇಲೆ.

ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ವಿಜ್ಞಾನಿ, ಇಂಜಿನಿಯರ್ ಹುದ್ದೆಗಳಿಗೆ ದೇಶಮಟ್ಟದ ಆಯ್ಕೆ. ಸುತ್ತಲಿನ ಹಳ್ಳಿಯವರಿಗೆ ಹೆಚ್ಚಾಗಿ ಸಿಗುವುದು ಗುತ್ತಿಗೆಯ ಕೆಲಸ. ಭೂಮಿ ಕೊಟ್ಟ ತಲೆಮಾರಿನ ಮಕ್ಕಳನ್ನು ಆ ಹುದ್ದೆಗೆ ತಯಾರು ಮಾಡುವ ಯೋಜನೆಯನ್ನು ಅಡಿಗಲ್ಲಿನ ದಿನವೇ ಶುರುಮಾಡಬೇಕಿತ್ತು.

ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕು ಎಂಬ ಬೇಡಿಕೆಗೂ ವರ್ಗಕ್ಕೂ ಏನು ಸಂಬಂಧ?

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ಹೃದಯ, ಮಿದುಳು, ದೊಡ್ಡ ಅಪಘಾತ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೆ ಗೋವೆಯ ಬಾಂಬೋಳಿಂ. ಶಿರಸಿಯಿಂದ ಹುಬ್ಬಳ್ಳಿಗೇ ನೂರು ಕಿ.ಮೀ. ಆಸುಪಾಸು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಜಿಲ್ಲೆಯ ಸಿಟ್ಟು ಮತ್ತೆ ಎದ್ದಿತು.

ದೂರ ಎಲ್ಲರಿಗೂ ಒಂದೇ, ಅದರ ಬೆಲೆ ಒಂದೇ ಅಲ್ಲ. ಮಣಿಪಾಲದಲ್ಲಿ ನೆಂಟರಿರುವವನು ರೋಗಿಯ ಜೊತೆ ಹತ್ತು ದಿನ ಇರಬಲ್ಲ. ಕೂಲಿಯವನು ಕಾರಿಡಾರಿನಲ್ಲಿ ಮಲಗಿ, ಮೂರನೇ ದಿನ ‘ಮನೆಗೆ ಒಯ್ಯುತ್ತೇವೆ’ ಎಂದು ಸಹಿ ಹಾಕುತ್ತಾನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಕಾರ್ಡ್ ಚಿಕಿತ್ಸೆಗೆ ಆಗುತ್ತದೆ. ಹೋಗಿಬರುವ ವಾಹನಕ್ಕೆ, ಬಿಟ್ಟ ಕೂಲಿಗೆ, ಜೊತೆಗಿದ್ದವರ ಊಟಕ್ಕೆ ಆಗುವುದಿಲ್ಲ.

ತೋಟ ಇರುವ ಹುಡುಗರಿಗೇ ಹೆಣ್ಣು ಸಿಗುತ್ತಿಲ್ಲ. ಅವರನ್ನು ಮೇಲ್ವರ್ಗ ಅನ್ನುವುದು ಹೇಗೆ?

ಒಳ್ಳೆಯ ಪ್ರಶ್ನೆ. ಶಿರಸಿ, ಯಲ್ಲಾಪುರ, ಸಿದ್ದಾಪುರದ ಹಳ್ಳಿಗಳಲ್ಲಿ ನಲವತ್ತು ದಾಟಿದ ಅವಿವಾಹಿತರು ಎಷ್ಟೋ ಮನೆಯಲ್ಲಿ ಇದ್ದಾರೆ. ಒಂದು ಕಾಲಕ್ಕೆ ತೋಟ ಇದ್ದ ಮನೆಗೆ ಹೆಣ್ಣು ಕೊಡುವುದು ಹೆಮ್ಮೆ. ಈಗ ಬೆಂಗಳೂರಿನ ಸಂಬಳ ಮತ್ತು ಫ್ಲ್ಯಾಟಿನ ಮುಂದೆ ಎರಡೆಕರೆ ತೋಟ ಹಿಂದೆ ಬಿದ್ದಿದೆ. ಓದಿದ ಹುಡುಗಿಗೆ ತನ್ನ ಸಂಬಳ, ತನ್ನ ಓಡಾಟ ಬೇಕು. ಬಚ್ಚಲ ಒಲೆ, ಕೊಟ್ಟಿಗೆ, ನೆಂಟರ ಸಾಲು, ಇವುಗಳ ನಡುವೆ ಅವಳ ಅಮ್ಮ ಸವೆದದ್ದನ್ನು ಅವಳು ನೋಡಿದ್ದಾಳೆ. ಅವಳನ್ನು ದೂರುವುದು ನ್ಯಾಯವಲ್ಲ.

ಹುಡುಗರ ಒಂಟಿತನವೂ ನಿಜವಾದ ನೋವು. ಒಂದು ವ್ಯತ್ಯಾಸ ಮಾತ್ರ ಇದೆ: ಕೊಳೆರೋಗ ಬಂದು ಬೆಳೆ ಹೋದ ವರ್ಷವೂ ಅವರ ಹೆಸರಿನಲ್ಲಿ ತೋಟ ಇರುತ್ತದೆ, 1923ರಿಂದ ಇರುವ, ಅಡಿಕೆ ತೋಟಿಗರದೇ ಆದ ಶಿರಸಿಯ ಟಿಎಸ್ಎಸ್‌ನಂಥ ಸಹಕಾರ ಸಂಘದ ಬೆನ್ನಾಸರೆ ಇರುತ್ತದೆ. ಅವರ ತೋಟದ ಕೊನೆಗೌಡನಿಗೆ ಆ ವರ್ಷ ಏನೂ ಇರುವುದಿಲ್ಲ.

ಹೆಂಗಸರ ವರ್ಗ ಗಂಡನ ವರ್ಗವೇ?

ಲೆಕ್ಕ ಬರೆಯುವವರು ಹಾಗೆಂದೇ ಬರೆಯುತ್ತಾರೆ. ನಾಲ್ಕೆಕರೆ ತೋಟದ ಮನೆಯ ಸೊಸೆಯ ಹೆಸರಿನಲ್ಲಿ ಗುಂಟೆಯೂ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು, ಕೇಂದ್ರ 2005ರಲ್ಲಿ ಕೊಟ್ಟಿತು. ಪಾಲು ಕೇಳಿದ ತಂಗಿಗೆ ತವರಿನ ಬಾಗಿಲು ಮುಚ್ಚುವುದರಿಂದ ಹೆಚ್ಚಿನವರು ಹಕ್ಕು ಬಿಡುಗಡೆಗೆ ಸಹಿ ಹಾಕಿಬಿಡುತ್ತಾರೆ.

2023ರ ಜೂನ್ 11ರಿಂದ ಹೆಂಗಸರಿಗೆ ಬಂದ ಉಚಿತ ಬಸ್ಸನ್ನು ತಮಾಷೆ ಮಾಡುವವರಿಗೆ ಒಂದು ಮಾತು. ಬಸ್ ಚಾರ್ಜ್ ಉಳಿದದ್ದರಿಂದ ಕೂಲಿ ಚೆನ್ನಾಗಿರುವ ಪಕ್ಕದ ಊರಿಗೆ ಹೋಗಬಲ್ಲೆ, ಆಸ್ಪತ್ರೆಗೆ ಗಂಡನ ಬಳಿ ದುಡ್ಡು ಕೇಳಬೇಕಿಲ್ಲ ಎನ್ನುವ ಹೆಂಗಸರು ನನ್ನ ಜೊತೆಗೇ ಪ್ರಯಾಣಿಸುತ್ತಾರೆ. ಜೋಯಿಡಾದ ಒಳಹಳ್ಳಿಗಳಿಗೆ ಬಸ್ಸೇ ಇಲ್ಲ ಎಂಬ ದೂರು ನ್ಯಾಯವಾದದ್ದು, ಅದಕ್ಕೆ ಉತ್ತರ ಇನ್ನಷ್ಟು ಬಸ್ಸು.

ಮೀಸಲಾತಿಯನ್ನು ಆದಾಯದ ಮೇಲೆ ಕೊಟ್ಟರೆ ಸಾಲದೆ?

ಆದಾಯದ ಲೆಕ್ಕ ಈಗಲೂ ಇದೆ. ಹಿಂದುಳಿದ ವರ್ಗಗಳಲ್ಲಿ ಕೆನೆಪದರಕ್ಕೆ 8 ಲಕ್ಷದ ಮಿತಿ, 2019ರಿಂದ ಸಾಮಾನ್ಯ ವರ್ಗದ ಆರ್ಥಿಕ ದುರ್ಬಲರಿಗೆ ಕೇಂದ್ರದಲ್ಲಿ 10%. ಆದರೆ ಆದಾಯ ಪ್ರಮಾಣಪತ್ರ ಜಗುಲಿಯ ದೂರವನ್ನು ಅಳೆಯುವುದಿಲ್ಲ. ಸಾಮಾಜಿಕ ಅವಮಾನಕ್ಕೆ ಮೀಸಲಾತಿ, ಬಡತನಕ್ಕೆ ವಿದ್ಯಾರ್ಥಿವೇತನ, ಜಮೀನು, ಆಸ್ಪತ್ರೆ. ಎರಡೂ ಬೇಕು ಎಂಬುದು ನನ್ನ ನಿಲುವು.

ನಮ್ಮ ಮನೆಯಲ್ಲಿ ಓದುವ ಮಗು ಇದೆ. ಈಗಲೇ ಏನು ಮಾಡಬಹುದು?

ಎಂಟನೇ ತರಗತಿಯಲ್ಲಿದ್ದರೆ ಕೇಂದ್ರದ ವಿದ್ಯಾರ್ಥಿವೇತನದ ಎನ್ಎಂಎಂಎಸ್ ಪರೀಕ್ಷೆ ಬರೆಸಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಪೋಷಕರ ಆದಾಯ 3.5 ಲಕ್ಷದೊಳಗಿದ್ದರೆ, ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಐದನೇ ತರಗತಿಯಲ್ಲಿದ್ದರೆ ಮುಂಡಗೋಡದ ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆ, ಎರಡರ ಪ್ರವೇಶ ಪರೀಕ್ಷೆಗೂ ಅರ್ಜಿ ಹಾಕಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಆದಾಯದ್ದು ಐದು ವರ್ಷ ನಡೆಯುತ್ತದೆ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ವಿದ್ಯಾರ್ಥಿವೇತನದ ತಂತ್ರಾಂಶ ಕೇಳುತ್ತದೆ. ಅಪ್ಪನ ಹೆಸರು ಎಲ್ಲ ದಾಖಲೆಯಲ್ಲೂ ಒಂದೇ ಅಕ್ಷರದಲ್ಲಿದೆಯೇ ಎಂದು ಬೇಸಿಗೆ ರಜೆಯಲ್ಲೇ ನೋಡಿ.

ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾಗಿದ್ದರೆ ಲಿಖಿತ ಆದೇಶ ಕೇಳಿ ಪಡೆಯಿರಿ, ಅದು ಕೈಗೆ ಬಂದ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಊರಲ್ಲಿ ಎಂಬತ್ತು ದಾಟಿದ ಅಜ್ಜ-ಅಜ್ಜಿಯರಿದ್ದರೆ ಅವರ ಹೇಳಿಕೆಯನ್ನು ಈಗಲೇ ಬರೆಸಿ ಸಹಿ ಮಾಡಿಸಿ.

ಹಳ್ಳಿಯ ಕನ್ನಡ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ 15%, ಕನ್ನಡ ಮಾಧ್ಯಮದ ಕೋಟಾ 5% ಇದೆ. ಅದಕ್ಕೆ ಓದಿದ ಎಲ್ಲ ಶಾಲೆಗಳ ಮುಖ್ಯ ಶಿಕ್ಷಕರ ಪ್ರಮಾಣಪತ್ರ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲುಸಹಿ ಬೇಕು. ಪರಿಶೀಲನೆಯ ದಿನ ಆ ಸಹಿ ಇಲ್ಲದೆ ಸೀಟು ಕಳೆದುಕೊಂಡ ಮಕ್ಕಳನ್ನು ನಾನು ಬಲ್ಲೆ. ಫಲಿತಾಂಶ ಬರುವವರೆಗೆ ಕಾಯಬೇಡಿ, ಪರೀಕ್ಷೆ ಮುಗಿದ ವಾರವೇ ಹೋಗಿ ಮಾಡಿಸಿಕೊಂಡು ಬನ್ನಿ.